ನಾನು ಕಾಕಾ ಎಂದು ಕರೆದವನು

ಮೇಲಿನ ಮನೆಯವರು ನೆಲ ಬದಲಾಯಿಸುತ್ತಿದ್ದರು. ಬೆಳಿಗ್ಗೆ ಹತ್ತಕ್ಕೆ ಶುರುವಾಗುವ ಕಟರ್ ಯಂತ್ರ ಊಟದ ಹೊತ್ತಿಗೆ ನಿಂತು, ಮತ್ತೆ ಮೂರಕ್ಕೆ ಕೂಗತೊಡಗುತ್ತಿತ್ತು. ಸದ್ದಿಗೆ ನಾನು ಹೊಂದಿಕೊಂಡಿದ್ದೆ. ವಾಸನೆಗೆ ಆಗಲಿಲ್ಲ. ಬಿಸಿಯಾದ ಕಲ್ಲಿನ ಮೇಲೆ ನೀರು ಬಿದ್ದಾಗ ಏಳುವ, ಸುಣ್ಣಕ್ಕೂ ಮಣ್ಣಿಗೂ ನಡುವಿನ, ಗಂಟಲಲ್ಲಿ ಕೂತುಬಿಡುವ ಆ ವಾಸನೆ ಕಿಟಕಿಯಿಂದ ಇಳಿದು ಬಂದು ಮುಲುಂಡ್‌ನ ನನ್ನ ಎರಡು ಕೋಣೆಗಳನ್ನೂ ತುಂಬಿತ್ತು. ಎದುರಿಗೆ ಕೂತಿದ್ದ ರುಬೀನಾ ಎರಡು ಸಲ ಸೀನಿ, "ಆಂಟಿ, ಖಿಡಕಿ ಬಂದ್ ಕರೂ ಕ್ಯಾ?" ಎಂದು ಎದ್ದಳು. ಬೇಡ ಎಂದೆ. ಅವಳು ಯಾವ ಮನೆಯ ಕತೆ ಕೇಳಲು ಬಂದಿದ್ದಳೋ ಆ ಮನೆಯ ವಾಸನೆ ಅದೇ ಆಗಿತ್ತು.

ರುಬೀನಾ ಹತ್ತಿರದ ಕಾಲೇಜಿನಲ್ಲಿ ಬಿ.ಎ. ಎರಡನೇ ವರ್ಷದಲ್ಲಿದ್ದಳು. ಅವರ ಇತಿಹಾಸದ ಮೇಡಂ ಮಕ್ಕಳಿಗೆ ಒಂದು ಕೆಲಸ ಕೊಟ್ಟಿದ್ದರು. ವಿಕ್ರೋಳಿಯಿಂದ ಮುಲುಂಡ್‌ವರೆಗೆ ಹೊರಗಿನಿಂದ ಬಂದು ನೆಲೆಸಿದ ಮನೆಗಳ ಹಿರಿಯರನ್ನು ಮಾತಾಡಿಸಬೇಕು. ಯಾರು ಯಾವ ಊರಿನಿಂದ, ಯಾರ ಬೆನ್ನು ಹಿಡಿದು, ಯಾವ ಕೆಲಸಕ್ಕೆ ಬಂದರು ಎಂಬುದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಬೇಕು. ಪ್ರತಿ ಮನೆಗೂ ಒಂದು ವಂಶದ ನಕ್ಷೆ ಬರೆದು ಕೊನೆಗೆ ಎಲ್ಲವನ್ನೂ ಕಾಲೇಜಿನ ಹಾಲ್‌ನ ಗೋಡೆಗೆ ಹಚ್ಚಬೇಕು. ರುಬೀನಾಳ ಅಜ್ಜ ಸಿಂದಗಿ ಕಡೆಯಿಂದ ಬಂದು ಗಾದಿ ಹೊಲಿಯುತ್ತಿದ್ದವರು. ಹಾಗಾಗಿ ಕನ್ನಡದ ಮನೆಗಳು ಅವಳ ಪಾಲಿಗೆ ಬಂದಿದ್ದವು. "ಕನ್ನಡ ಸಬ್ ಸಮಝ್ತಾ ಆಂಟಿ, ಬೋಲ್ನೇಕು ಗಯೇ ತೋ ಖಿಚಡಿ ಹೋ ಜಾತಾ. ನಮ್ ದಾದಾ ನಗ್ತಿದ್ರು" ಎಂದಳು. ಆಮೇಲೆ ಸ್ವಲ್ಪ ಸಂಕೋಚದಿಂದ, "ಮೇಡಂ ಹೇಳ್ಯಾರ, ನೀವು ಪೇಪರ್ ಆಫೀಸ್‌ದವರು, ತಪ್ಪು ಬಹುತ್ ನಿಕಾಲ್ತೇ ಅಂತ."

ಅದು ನಿಜ. ಮೂವತ್ತು ವರ್ಷಗಳಿಗೂ ಮೀರಿ ಈ ನಗರದ ಪತ್ರಿಕಾ ಕಚೇರಿಗಳಲ್ಲಿ ಕೆಲಸ ಮಾಡಿದೆ, ಮೊದಲು ವರದಿಗಾರ್ತಿಯಾಗಿ, ಆಮೇಲೆ ಡೆಸ್ಕಿನಲ್ಲಿ. ಹೆಸರು ಸರಿಯೇ, ವಯಸ್ಸು ಸರಿಯೇ, ಸತ್ತವನಿಗೆ ಅಳುವವಳು ಹೆಂಡತಿಯೋ ತಂಗಿಯೋ ಎಂದು ಬೇರೆಯವರ ಬರಹದಲ್ಲಿ ನೋಡುವುದೇ ನನ್ನ ಅನ್ನವಾಗಿತ್ತು.

ನಮ್ಮ ಮನೆ ವಿಕ್ರೋಳಿಯ ಗುಡ್ಡದ ಬುಡದಲ್ಲಿದ್ದ ಒಂದು ಚಾಳಿನ ಕೊನೆಯ ಖೋಲಿ. ಮುಂದೆ ಒಬ್ಬರು ನಡೆಯುವಷ್ಟು ಅಗಲದ ಕಲ್ಲುಹಾಸು, ಅದರಾಚೆ ಗಟಾರ, ಗಟಾರದಾಚೆ ನೇರ ಗುಡ್ಡ. ಕೊನೆಯ ಖೋಲಿಯಾದ್ದರಿಂದ ಪಕ್ಕದ ಗೋಡೆಯಲ್ಲೂ ಒಂದು ಕಿಟಕಿ ಇತ್ತು. ಇಡೀ ಚಾಳಿನಲ್ಲಿ ಅದೊಂದೇ ನಮ್ಮ ದೊಡ್ಡಸ್ತಿಕೆ. ಒಳಗೆ ಬಲಕ್ಕೆ ಒಲೆ, ಎಡಕ್ಕೆ ನೀರಿನ ಕೊಡಗಳು, ಉಳಿದ ಜಾಗದಲ್ಲಿ ಐದು ಜನರ ಊಟ, ಜಗಳ, ನಿದ್ದೆ. ಬೆಳಿಗ್ಗೆ ನಾನು ಏಳುತ್ತಿದ್ದುದು ರೊಟ್ಟಿ ಬಡಿಯುವ ಸದ್ದಿಗೆ. ಚಾಳಿನ ಅರ್ಧಕ್ಕರ್ಧ ಮನೆಗಳು ನಮ್ಮ ಕಡೆಯವರವೇ ಆದ್ದರಿಂದ ಆ ಸದ್ದು ಒಂದೊಂದು ಬಾಗಿಲಿನಿಂದ ಒಂದೊಂದು ಲಯದಲ್ಲಿ ಬರುತ್ತಿತ್ತು. ಹೊದಿಕೆಯೊಳಗಿಂದಲೇ ಇದು ಯಾರ ಕೈ ಎಂದು ನಾನು ಹೇಳಬಲ್ಲವಳಾಗಿದ್ದೆ. ಬೆಂದ ಜೋಳದ ಹಿಟ್ಟು, ಸೀಮೆಎಣ್ಣೆ, ಒದ್ದೆ ಗೋಣಿಚೀಲ, ಹೀಗೆ ಹೊತ್ತಿಗೊಂದು ವಾಸನೆ ಬದಲಾದರೂ ಎಲ್ಲದರ ಅಡಿಯಲ್ಲಿ ಕಲ್ಲುಪುಡಿಯ ವಾಸನೆ ಇದ್ದೇ ಇರುತ್ತಿತ್ತು. ಮಡಚಿಟ್ಟ ಬಟ್ಟೆ ಕೊಡವಿದರೂ ಅದೇ, ದಿಂಬಿಗೆ ಮುಖ ಒತ್ತಿದರೂ ಅದೇ.

ಮನೆಯ ಐವರನ್ನು ಇಲ್ಲೇ ಬಿಡಿಸಿ ಹೇಳುತ್ತೇನೆ. ಮಲ್ಲಪ್ಪ ಮತ್ತು ಸಿದ್ದಪ್ಪ ಅಣ್ಣತಮ್ಮಂದಿರು. ವಿಜಾಪುರದ ಕಡೆಯ ಹಳ್ಳಿಯಿಂದ ಮೊದಲು ಅಣ್ಣ ಬಂದ. ಪವಾಯಿಯ ಆಚೆ ಒಂದು ಕಲ್ಲುಕ್ವಾರಿಯಲ್ಲಿ, ನಮ್ಮವರು ಖದಾನು ಎನ್ನುವಲ್ಲಿ, ಕೆಲಸ ಹಿಡಿದು ಆಮೇಲೆ ತಮ್ಮನನ್ನೂ ಕರೆಸಿಕೊಂಡ. ಅಣ್ಣನ ಹೆಂಡತಿ ಗಂಗವ್ವ, ಅವರ ಮಗ ಬಸಣ್ಣ. ತಮ್ಮನ ಹೆಂಡತಿ ನನ್ನನ್ನು ಹೆತ್ತು ಒಂದು ತಿಂಗಳಿಗೆ ತೀರಿಕೊಂಡಳು. ಅವಳ ಒಂದು ಫೋಟೋ ಕೂಡ ಇಲ್ಲ. ಎರಡು ವರ್ಷದ ಬಸಣ್ಣನ ಜೊತೆ ಗಂಗವ್ವ ನನ್ನನ್ನೂ ಮಡಿಲಿಗೆ ಹಾಕಿಕೊಂಡಳು. ಬಸಣ್ಣ ಅವಳನ್ನು ಅವ್ವ ಎಂದ, ನಾನೂ ಅವ್ವ ಎಂದೆ. ಅವನು ಮಲ್ಲಪ್ಪನನ್ನು ಅಪ್ಪ ಎಂದ, ನಾನೂ ಹಾಗೇ ಎಂದೆ. ಚಿಕ್ಕಪ್ಪನಾದ ಸಿದ್ದಪ್ಪ ಅವನಿಗೆ ಕಾಕಾ. ನನಗೂ ಕಾಕಾ. ಹೆತ್ತ ತಂದೆಯನ್ನು ಕಾಕಾ ಎಂದೋ ಅಣ್ಣ ಎಂದೋ ಕರೆಯುವುದು ನಮ್ಮ ಕಡೆ ಕೂಡಿ ಬಾಳುವ ಮನೆಗಳಲ್ಲಿ ಹೊಸದಲ್ಲ; ದೊಡ್ಡ ಮಗು ಹಿಡಿದ ಹೆಸರನ್ನೇ ಸಣ್ಣದು ಹಿಡಿಯುತ್ತದೆ. ಅಂಥ ಮನೆಯಲ್ಲಿ ಬೆಳೆದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಯಾರೂ ಏನನ್ನೂ ಮುಚ್ಚಿಟ್ಟಿರಲಿಲ್ಲ. ನನಗೆ ತಿಳಿವು ಬಂದಾಗಿನಿಂದ ಗೊತ್ತಿತ್ತು. ಪಕ್ಕದ ಖೋಲಿಯ ಮುದುಕಿ ಒಮ್ಮೆ, "ಅಂವ ನಿಮ್ಮಪ್ಪ ಅಲ್ಲೇನ ಹುಡುಗಿ? ಕಾಕಾ ಅಂತೀಯಲ್ಲ!" ಎಂದು ಕೆಣಕಿದಾಗ ಗಂಗವ್ವ ರೊಟ್ಟಿಯಿಂದ ಕೈ ತೆಗೆಯದೆ ಹೇಳಿದ್ದಳು: "ಏನಾರ ಕರೀಲಿ ಬಿಡ ಆಯಿ. ಕರದ್ರ ಓ ಅಂತಾನಿಲ್ಲ?"

ಓದುವವರಿಗೆ ಗೊಂದಲವಾಗಬಾರದೆಂದು ಇನ್ನು ಮುಂದೆ ಮಲ್ಲಪ್ಪ, ಗಂಗವ್ವರನ್ನು ದೊಡ್ಡಪ್ಪ, ದೊಡ್ಡವ್ವ ಎಂದು ಬರೆಯುತ್ತೇನೆ. ಬಾಯಿಬಿಟ್ಟು ಎಂದೂ ಹಾಗೆ ಕರೆದವಳಲ್ಲ.

ಕಾಕಾ ಸಂಜೆ ಬರುವಾಗ ತಲೆ, ಹುಬ್ಬು, ರೆಪ್ಪೆ, ತೋಳಿನ ಕೂದಲು ಎಲ್ಲ ಬೆಳ್ಳಗಾಗಿರುತ್ತಿದ್ದವು. ಒಳಗೆ ಬರದೆ ಗಟಾರದ ಅಂಚಿಗೆ ಕುಕ್ಕರಗಾಲಿನಲ್ಲಿ ಕೂತು, "ಮುದುಕಾ ಬಂದೀನ್ರೋ, ನೀರು ಕೊಡ್ರಿ" ಎಂದು ನಡುಗುವ ದನಿಯಲ್ಲಿ ಕೂಗುತ್ತಿದ್ದ. ನಾನೂ ಬಸಣ್ಣನೂ ಚೊಂಬು ಹಿಡಿದು ಓಡುತ್ತಿದ್ದೆವು. ಮೊದಲ ಚೊಂಬಿಗೆ ಬೆನ್ನಿನ ಮೇಲೆ ಬೂದಿ ಬಣ್ಣದ ಗೆರೆಗಳು ಇಳಿಯುತ್ತಿದ್ದವು; ಮೂರನೆಯದಕ್ಕೆ ಮೈಯ ಕಪ್ಪು ಕಾಣುತ್ತಿತ್ತು. "ನೋಡು, ವಯಸ್ಸಿಗೆ ಬಂದೆ. ಈಗೊಂದು ಹೆಣ್ಣು ನೋಡ್ರಿ ನನಗ" ಎನ್ನುತ್ತಿದ್ದ. ದೊಡ್ಡವ್ವ ಒಳಗಿನಿಂದ, "ಈ ಕೋತಿಗೆ ಯಾರ್ ಕೊಡ್ತಾರ?" ಎನ್ನುತ್ತಿದ್ದಳು. ಅವನು ಮತ್ತೆ ಮದುವೆಯಾಗಲಿಲ್ಲ. ಯಾಕೆ ಎಂದು ನಾನು ಕೇಳುವಷ್ಟು ದೊಡ್ಡವಳಾಗುವ ಹೊತ್ತಿಗೆ ಕೇಳಲು ಅವನಿರಲಿಲ್ಲ.

ಅಣ್ಣನ ಎದುರು ತನ್ನ ಮಗುವನ್ನು ಎತ್ತಿ ಮುದ್ದಾಡುವುದು ನಮ್ಮ ಕಡೆ ಮರ್ಯಾದೆಯಲ್ಲ. ಆದ್ದರಿಂದ ಕಾಕಾ ಹೆಗಲ ಮೇಲೆ ಕೂರಿಸಿಕೊಳ್ಳುತ್ತಿದ್ದುದು ಬಸಣ್ಣನನ್ನು. ನನಗೆ ಕೊಡುತ್ತಿದ್ದುದು ಒಂದು ಬೆರಳು, ಸುತ್ತಿಗೆಯ ಏಟಿಗೆ ಉಗುರು ಕಪ್ಪಾದ ಬಲಗೈಯ ತೋರುಬೆರಳು. ಸಂತೆಗೆ ಹೋಗಲಿ, ಸ್ಟೇಷನ್‌ಗೆ ಹೋಗಲಿ, ಮೇಲೆ ಬಸಣ್ಣ, ಕೆಳಗೆ ನಾನು. ಒಮ್ಮೆ ಬಸಣ್ಣ ನಾನು ಬರೆಯುವ ಪಾಟಿ, ಶಾಲೆಯ ಸ್ಲೇಟು, ಒಡೆದು ಹಾಕಿದ. ಮಾರನೆಯ ವಾರ ಕಾಕಾ ಖದಾನಿನಿಂದ ಅಂಗೈ ಎರಡರಷ್ಟು ಅಗಲದ ಕರಿಕಲ್ಲಿನ ಹಲಗೆಯೊಂದನ್ನು ಉಜ್ಜಿ ನುಣುಪು ಮಾಡಿ ತಂದ. ಶಾಲೆಗೆ ಒಯ್ಯಲಾಗದಷ್ಟು ಭಾರ. "ನನಗ?" ಎಂದು ಬಸಣ್ಣ ಅತ್ತ. "ನೀ ಒಡದಾಂವ, ನಿನಗ್ಯಾಕ? ಇದನ್ನ ಒಡಿ ನೋಡೋಣು" ಎಂದ ಕಾಕಾ. ಬಸಣ್ಣ ಪ್ರಯತ್ನ ಪಟ್ಟ. ಕಾಲ ಮೇಲೆ ಹಾಕಿಕೊಂಡು ಎರಡು ದಿನ ಕುಂಟಿದ.

ಹಿರಿಯರು ಮೂವರಿಗೂ ಕನ್ನಡ ಬಿಟ್ಟರೆ ಬೇರೆ ಬರುತ್ತಿರಲಿಲ್ಲ. ಬಸಣ್ಣನಿಗೆ ಹಿಂದಿ ಬರುತ್ತಿದ್ದರೂ ದೊಡ್ಡವರ ಮುಂದೆ ಬಾಯಿ ಬಿಡುತ್ತಿರಲಿಲ್ಲ. ನಾನು ಮುನ್ಸಿಪಾಲಿಟಿಯ ಕನ್ನಡ ಶಾಲೆಗೆ ಹೋಗುತ್ತ ಗಲ್ಲಿಯಲ್ಲಿ ಹಿಂದಿಯನ್ನೂ ಮರಾಠಿಯನ್ನೂ ಎತ್ತಿಕೊಂಡಿದ್ದೆ. "ನಮ್ಮನ್ಯಾಗ ಐದು ಮಂದಿ, ಬಾಯಿ ಒಂದ" ಎಂದು ದೊಡ್ಡವ್ವ ನನ್ನ ತಲೆ ಸವರಿ ಹೇಳುತ್ತಿದ್ದಳು. ರೇಷನ್ ಅಂಗಡಿಗೆ, ದವಾಖಾನೆಗೆ, ತರಕಾರಿ ಗಾಡಿಗೆ ನಾನೇ. ದೊಡ್ಡವ್ವ ಕೆರಳಿ, "ಇವನ ಬದನಿಕಾಯಿಗೆ ಬೆಂಕಿ ಹಚ್ಚಲಿ, ಎಲ್ಲಾ ಹುಳಕು, ಕಣ್ಣಿಲ್ಲೇನ್ ಇವಗ ಅಂತ ಕೇಳು" ಎಂದರೆ ನಾನು ಗಾಡಿಯವನಿಗೆ, "ಭಯ್ಯಾ, ದೂಸರಾ ಅಚ್ಛಾವಾಲಾ ದೇ ದೋ" ಎಂದು ಬೇರೆ ಒಳ್ಳೆಯದನ್ನಷ್ಟೇ ಕೇಳುತ್ತಿದ್ದೆ. ಅವನು ನಗುತ್ತ ಒಂದು ಹೆಚ್ಚು ಹಾಕುತ್ತಿದ್ದ. "ಬೈದದ್ದಕ್ಕ ಹೆದರಿದಾ ನೋಡು" ಎಂದು ದೊಡ್ಡವ್ವ ಗೆದ್ದವಳಂತೆ ನಡೆಯುತ್ತಿದ್ದಳು. ಯಾವ ಮಾತು ದಾಟಿಸಬೇಕು, ಯಾವುದು ಬಿಡಬೇಕು ಎಂಬುದು ಎಂಟನೇ ವಯಸ್ಸಿಗೇ ನನಗೆ ಕರಗತವಾಗಿತ್ತು.

ಕಾಕಾನಿಗೆ ಕೆಮ್ಮು ಹಿಡಿದದ್ದು ಯಾವಾಗ ಎಂದು ಹೇಳಲಾರೆ. ಖದಾನಿನವರೆಲ್ಲ ಕೆಮ್ಮುತ್ತಿದ್ದರು. ಆದರೆ ಅವನು ಖದಾನಿಗೆ ಹೋಗುವ ದಾರಿಯ ಗುಡ್ಡದ ಮೆಟ್ಟಿಲಲ್ಲಿ ಕೂತು ಕೂತು ಏರತೊಡಗಿದ, ಬಸಣ್ಣನನ್ನು ಹೆಗಲಿಗೆ ಎತ್ತುವುದು ನಿಂತಿತು. ದವಾಖಾನೆಯ ಡಾಕ್ಟರು ಎದೆಯ ಫೋಟೋ ಬೆಳಕಿಗೆ ಹಿಡಿದು, ಇವನ ಎದೆಯೊಳಗೆ ಕಲ್ಲಿನ ಪುಡಿ ಕೂತಿದೆ, ಇನ್ನು ಅದು ಹೊರಗೆ ಬರುವುದಿಲ್ಲ ಎಂದು ಹಿಂದಿಯಲ್ಲಿ ಹೇಳಿದರು. ಏನಂದರು ಎಂದು ಕಾಕಾ ನನ್ನ ಮುಖ ನೋಡಿದ. "ಧೂಳಿನ್ಯಾಗ ಹೋಗಬ್ಯಾಡ್ರಿ ಅಂತಾರ" ಎಂದೆ. ಕಾಕಾ ನಕ್ಕ. "ಮತ್ತ ಎಲ್ಲಿಗೆ ಹೋಗಲೆಪ್ಪಾ, ಕೇಳು ಅವರನ್ನ."

ನನ್ನನ್ನು ಹೆತ್ತವರು ಯಾರು ಎಂಬುದೊಂದನ್ನು ಬಿಟ್ಟು ಇಷ್ಟನ್ನು ರುಬೀನಾಳಿಗೆ ಮೊದಲ ದಿನ ಹೇಳಿದ್ದೆ. ಹೇಳುವಾಗ ಮನೆಯ ಮಾತೇ ಬಾಯಿಗೆ ಬಂತು. ಅಪ್ಪ ಎಂದೆ, ಅವ್ವ ಎಂದೆ, ಕಾಕಾ ಎಂದೆ. ಕಾಕಾ ಆಸ್ಪತ್ರೆಯಲ್ಲಿ ತೀರಿಕೊಂಡ ಎಂದು ಹೇಳಿ ನಿಲ್ಲಿಸಿದ್ದೆ. ಹೊರಡುವಾಗ ಅವಳು ನನ್ನ ಶಾಲೆಯ ಸರ್ಟಿಫಿಕೇಟಿನ ಫೋಟೋ ತೆಗೆದುಕೊಂಡಳು. ಪ್ರತಿ ನಕ್ಷೆಗೂ ಒಂದು ದಾಖಲೆ ಬೇಕಂತೆ.

ಒಂದು ವಾರದ ನಂತರ ಹಿಂದಿಯಲ್ಲಿ ಬರೆದು ಪ್ರಿಂಟ್ ಮಾಡಿದ ಎರಡು ಪುಟ ಹಿಡಿದು ಬಂದಳು. ಗೋಡೆಗೆ ಹಚ್ಚುವ ಮೊದಲು ಮನೆಯವರಿಗೆ ತೋರಿಸಿ ಒಪ್ಪಿಗೆ ಪಡೆಯಬೇಕೆಂಬ ನಿಯಮವಿತ್ತು, ಒಳ್ಳೆಯ ನಿಯಮ. ನಾನು ಹಳೆಯ ಅಭ್ಯಾಸದಂತೆ ಪೆನ್ನು ತೆರೆದು ಕೂತೆ. ಕಾಗುಣಿತ ತಪ್ಪಿರಲಿಲ್ಲ, ಊರಿನ ಹೆಸರು ಸರಿಯಿತ್ತು. ಎರಡನೇ ಪುಟದಲ್ಲಿ ನಕ್ಷೆ. ಮಲ್ಲಪ್ಪ, ಗಂಗವ್ವ, ಅವರ ಕೆಳಗೆ ಗೆರೆ ಎಳೆದು ಇಬ್ಬರು ಮಕ್ಕಳು, ಬಸಣ್ಣ ಮತ್ತು ಕಸ್ತೂರಿ. ಕಸ್ತೂರಿ ನಾನು. ಪಕ್ಕದಲ್ಲಿ ಬೇರೆಯಾಗಿ ಒಂದು ಚೌಕ: ಸಿದ್ದಪ್ಪ, ಕಸ್ತೂರಿಯವರ ಚಿಕ್ಕಪ್ಪ, ಅವಿವಾಹಿತ. ಅದರ ಕೆಳಗೆ ಗೆರೆ ಇರಲಿಲ್ಲ.

ನನ್ನ ಪೆನ್ನು ಆ ಚೌಕದ ಮೇಲೆ ನಿಂತದ್ದು ನೋಡಿ ಅವಳು ಗಾಬರಿಯಾದಳು. "ಗಲತ್ ಹೈ ಕ್ಯಾ ಆಂಟಿ? ಆಪ್ ಕಾಕಾ ಬೋಲೇ ನಾ? ಸರ್ಟಿಫಿಕೇಟ್ ಮೇ ಭೀ ಮಲ್ಲಪ್ಪಾಚ್ ಹೈ."

ಅವಳ ತಪ್ಪಿರಲಿಲ್ಲ. ಶಾಲೆಗೆ ಸೇರಿಸಲು ಕರೆದೊಯ್ದವನು ದೊಡ್ಡಪ್ಪ. ರೇಷನ್ ಕಾರ್ಡು ಅವನ ಹೆಸರಲ್ಲಿತ್ತು. ಮಾಸ್ತರರು ಮಗುವನ್ನು ತಂದವನ ಹೆಸರನ್ನೇ ತಂದೆಯ ಹೆಸರೆಂದು ಬರೆದುಕೊಂಡರು. ಅಲ್ಲಿಂದ ಮುಂದಿನ ಎಲ್ಲ ಕಾಗದಗಳಲ್ಲೂ ನಾನು ಕಸ್ತೂರಿ ಮಲ್ಲಪ್ಪ. ನನಗೂ ಸಿದ್ದಪ್ಪನಿಗೂ ಸಂಬಂಧವಿದೆ ಎನ್ನುವ ಒಂದು ಚೂರು ಕಾಗದ ಎಲ್ಲೂ ಇಲ್ಲ. ದೊಡ್ಡಪ್ಪ, ದೊಡ್ಡವ್ವ ಹೋದರು. ಬಸಣ್ಣನೂ ಹೋಗಿ ನಾಲ್ಕು ವರ್ಷವಾಯಿತು. ಚಾಳು ಕೆಡವಿ ಅಲ್ಲಿ ಎದ್ದ ಬಿಲ್ಡಿಂಗಿನಲ್ಲಿ ನಮ್ಮನ್ನು ಬಲ್ಲವರು ಯಾರೂ ಇಲ್ಲ. ಈ ಹುಡುಗಿ ಬರೆದದ್ದು ಗೋಡೆ ಏರಿದರೆ ಅದೇ ನಿಜವಾಗುತ್ತಿತ್ತು. ಸಹಿ ಹಾಕಿ ಕೊಟ್ಟುಬಿಡಬಹುದಿತ್ತು. ಪೆನ್ನು ಮುಚ್ಚಿ, ಫೋನ್ ಆನ್ ಮಾಡು ಎಂದೆ.

ನನಗಾಗ ಒಂಬತ್ತು ವರ್ಷ. ಕಾಕಾನನ್ನು ದೊಡ್ಡಾಸ್ಪತ್ರೆಗೆ ಸೇರಿಸಿ ಹನ್ನೆರಡು ದಿನವಾಗಿತ್ತು. ಹನ್ನೆರಡು ವರ್ಷದೊಳಗಿನ ಮಕ್ಕಳನ್ನು ವಾರ್ಡಿಗೆ ಬಿಡುತ್ತಿರಲಿಲ್ಲ. ಹಾಗಾಗಿ ಅಲ್ಲಿಯವರೆಗೆ ನಾನು ಅವನನ್ನು ನೋಡಿರಲಿಲ್ಲ. ಆ ದಿನ ದೊಡ್ಡಪ್ಪ ಬೆಳಗಿನ ಭೇಟಿಯಿಂದ ಬಂದವನು ಊಟ ಮಾಡದೆ, "ಹುಡುಗೀನ ಕೇಳಾಕತ್ಯಾನ" ಎಂದ. ದೊಡ್ಡವ್ವ ನನ್ನ ತಲೆ ಬಾಚಿ, ಎರಡು ಜಡೆ ಹೆಣೆದು, ಹಬ್ಬದ ಲಂಗ ತೊಡಿಸಿದಳು. ಸಂಜೆ ನಾಲ್ಕಕ್ಕೆ ನಾವಿಬ್ಬರೂ ವಾರ್ಡಿನ ಬಾಗಿಲಲ್ಲಿದ್ದೆವು. ಬಾಗಿಲ ಬಳಿ ಮೇಜು ಹಾಕಿಕೊಂಡು ಕೂತಿದ್ದ ಸಿಸ್ಟರ್ ನನ್ನನ್ನು ನೋಡಿ ಆಗದೆಂದು ತಲೆಯಾಡಿಸಿದಳು. ಆಮೇಲೆ ಯಾವ ಹಾಸಿಗೆ ಎಂದು ಕೇಳಿ ರಿಜಿಸ್ಟರ್ ನೋಡಿದಳು. ಮುಖ ಮೆತ್ತಗಾಯಿತು. ಕೆಟ್ಟ ಹೆಂಗಸಲ್ಲ ಅವಳು. ಇದನ್ನು ಒತ್ತಿ ಬರೆಯಬೇಕು. ಅವನ ಸ್ವಂತ ಮಗುವಾದರೆ ಎರಡು ನಿಮಿಷ ಬಿಡುತ್ತೇನೆ ಎಂದಳು. ನನ್ನತ್ತ ಬಾಗಿ, "ತೇರಾ ಕೌನ್ ಲಗ್ತಾ ಹೈ ವೋ?" ಎಂದು ಅವನು ನನಗೆ ಏನಾಗಬೇಕೆಂದು ಕೇಳಿದಳು.

"ಕಾಕಾ" ಎಂದೆ.

ಯೋಚಿಸಿ ಹೇಳಿದ್ದಲ್ಲ. ಅವನಿಗೆ ನನ್ನ ಬಾಯಲ್ಲಿ ಬೇರೆ ಶಬ್ದವೇ ಇರಲಿಲ್ಲ. ದುರದೃಷ್ಟಕ್ಕೆ ಆ ಶಬ್ದ ಈ ಊರಿನಲ್ಲಿ ಎಲ್ಲರಿಗೂ ಅರ್ಥವಾಗುತ್ತದೆ, ಒಂದೇ ಅರ್ಥದಲ್ಲಿ. "ಕಾಕಾ ಹೈ ತೋ ಬಾಹರ್ ಬೈಠ್ ಬೇಟಾ" ಎಂದು ಅವಳು ಬೆಂಚು ತೋರಿಸಿ ದೊಡ್ಡಪ್ಪನನ್ನು ಒಳಗೆ ಬಿಟ್ಟಳು. ಸ್ವಲ್ಪ ಹೊತ್ತಿಗೆ ಅವನು ಹಿಂತಿರುಗಿ ಬಂದ. "ಬಾರವ್ವ, ಯಾಕ ಕುಂತಿ? ಬಾಗಿಲ ಕಡೇನ ನೋಡಾಕತ್ಯಾನ" ಎಂದು ಕೈ ಹಿಡಿದ. ಸಿಸ್ಟರ್ ಎದ್ದು ಅಡ್ಡ ನಿಂತಳು. ಖದಾನಿನಲ್ಲಿ ಆಳುಗಳ ಮೇಲ್ವಿಚಾರಣೆ ಮಾಡುವ ಮುಕಾದಮನ ಎದುರು ಕೂಡ ದನಿ ಎತ್ತದ ದೊಡ್ಡಪ್ಪ ತಲೆಯ ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದು, "ಬಾಯೀ, ಆಕಿ ಅವನ ಮಗಳ್ರೀ" ಎಂದ. ಅವಳಿಗೆ ತಿಳಿಯಲಿಲ್ಲ. ಅವನು ಇನ್ನಷ್ಟು ನಿಧಾನವಾಗಿ, ನಿಧಾನವಾದರೆ ತಿಳಿದೀತೆಂಬಂತೆ, ಮತ್ತೆ ಅದನ್ನೇ ಹೇಳಿದ. ನಿನ್ನಪ್ಪ ಏನೆನ್ನುತ್ತಾನೆ ಎಂದು ಸಿಸ್ಟರ್ ನನ್ನ ಕಡೆ ತಿರುಗಿದಳು. "ಕ್ಯಾ ಬೋಲ್ತಾ ಹೈ ತೇರಾ ಬಾಪ್?"

"ಕುಛ್ ನಹೀ" ಎಂದೆ. ಏನೂ ಇಲ್ಲ.

ಯಾಕೆ ಹಾಗೆಂದೆ ಎಂಬುದನ್ನು ಖಚಿತವಾಗಿ ಬರೆಯಲಾರೆ. ಮೊದಲು ಕಾಕಾ ಎಂದು ಈಗ ಅಪ್ಪ ಎಂದರೆ ಸುಳ್ಳಿ ಅನ್ನುತ್ತಾಳೆ ಎಂದು ಹೆದರಿದ್ದೆ, ಇದು ನೆನಪಿದೆ. ಇವನು ನಿನ್ನ ಅಪ್ಪನಲ್ಲದಿದ್ದರೆ ಮತ್ತೆ ಯಾರು ಎಂದು ಕೇಳಿ ದೊಡ್ಡಪ್ಪನನ್ನೂ ಹೊರಗೆ ಹಾಕುತ್ತಾಳೆ ಎಂದೂ ಅನಿಸಿರಬೇಕು. ಅಥವಾ ಇದನ್ನು ಆಮೇಲೆ ನಾನೇ ಸೇರಿಸಿಕೊಂಡೆನೋ ಏನೋ. ಉಳಿದ ಹೊತ್ತು ಬೆಂಚಿನ ಮೇಲೆ ಕೂತಿದ್ದೆ. ಗಂಟೆ ಹೊಡೆದು ಎಲ್ಲರನ್ನೂ ಹೊರಗೆ ಕಳಿಸಿದರು. ಮಾರನೆಯ ಬೆಳಿಗ್ಗೆ ರೊಟ್ಟಿಯ ಹೊತ್ತಿಗೆ ಖದಾನಿನವನೊಬ್ಬ ಬಂದು ದೊಡ್ಡಪ್ಪನನ್ನು ಹೊರಗೆ ಕರೆದ.

"ನಾವು ಹೇಳಿದ್ವಿ, ಆ ಸಿಸ್ಟರ್ ಬಾಯಿ ಕೇಳಲಿಲ್ಲ" ಎಂದು ದೊಡ್ಡಪ್ಪ ಎಲ್ಲರಿಗೂ ಹೇಳಿದ. ತನ್ನ ಮಾತನ್ನು ನಾನು ಹಿಂದಿಯಲ್ಲಿ ಹೇಳಿದೆನೆಂದು ಅವನು ನಂಬಿದ್ದ. ಅದಾದ ಮೇಲೆ ದೊಡ್ಡವ್ವ ಬದುಕಿದ್ದಷ್ಟೂ ವರ್ಷ ಆ ಸಿಸ್ಟರ್‌ಗೆ ಶಾಪ ಹಾಕಿದಳು. "ಹೆತ್ತ ಮಗಳ ಮುಖ ನೋಡಗೊಡಲಿಲ್ಲ, ಆಕಿ ಮಕ್ಕಳು ಬಾಯಿಗೆ ನೀರು ಬಿಡದಂಗ ಆಗ್ಲಿ" ಎಂದು ಪ್ರತಿ ವರ್ಷ ಕಾಕಾನಿಗೆ ಎಡೆ ಇಡುವ ದಿನ ಅನ್ನುತ್ತಿದ್ದಳು. ನಾನು ಪಕ್ಕದಲ್ಲೇ ಕೂತು ಎಲೆ ಒರೆಸುತ್ತಿದ್ದೆ. ಪತ್ರಿಕೆ ಸೇರಿದ ಮೇಲೆ ಎಷ್ಟೋ ತಪ್ಪುಗಳಿಗೆ ತಿದ್ದುಪಡಿ ಬರೆದು ಮರುದಿನವೇ ಅಚ್ಚು ಹಾಕಿಸಿದ್ದೇನೆ. ದೊಡ್ಡವ್ವನಿಗೆ ಇದೊಂದನ್ನು ಹೇಳಲಾಗಲಿಲ್ಲ. ಹೇಳಿದ್ದರೆ ಅವಳು ಏನನ್ನುತ್ತಿದ್ದಳು ಎಂದು ನನಗೆ ಗೊತ್ತು. "ಕೂಸು ನೀನು" ಎನ್ನುತ್ತಿದ್ದಳು. ಆ ಮಾತು ಕೇಳಿಸಿಕೊಳ್ಳುವ ಧೈರ್ಯ ನನಗಿರಲಿಲ್ಲ.

ಮೇಲಿನ ಯಂತ್ರ ನಿಂತಿತ್ತು. "ನಮ್ ಅಬ್ಬಾ ಭೀ ಅವ್ರ ಅಬ್ಬಾಗ ಭಾಯ್ ಅಂತಿದ್ರು ಆಂಟಿ" ಎಂದಳು ರುಬೀನಾ. "ನಾನು ಚಿಕ್ಕವಳಿದ್ದಾಗ ಇಬ್ಬರೂ ಬ್ರದರ್ಸ್ ಅನ್ಕೊಂಡಿದ್ದೆ." ಇಬ್ಬರೂ ಸ್ವಲ್ಪ ನಕ್ಕೆವು. ಅವಳು ನನ್ನ ಪೆನ್ನು ತೆಗೆದುಕೊಂಡು ಅವಿವಾಹಿತ ಎಂಬುದನ್ನು ಹೊಡೆದು ಹಾಕಿದಳು. ಮಲ್ಲಪ್ಪನ ಕೆಳಗಿನ ಗೆರೆಯಿಂದ ನನ್ನನ್ನು ಬಿಡಿಸಿ ಸಿದ್ದಪ್ಪನ ಚೌಕದಿಂದ ಹೊಸ ಗೆರೆ ಎಳೆದಳು. ಕೈಯಿಂದ ಎಳೆದದ್ದು, ತುಸು ಓರೆಯಾಯಿತು.

"ಮೇಡಂ ಪ್ರೂಫ್ ಕೇಳ್ತಾರ" ಎಂದಳು.

"ಇಲ್ಲ ಅಂತ ಬರಿ. ಮಗಳು ಹೇಳಿದ್ದು ಅಂತ ಬರಿ."

ಬರೆದಳು. ಮತ್ತೆ ಫೋನಿನ ರೆಕಾರ್ಡಿಂಗ್ ಹಿಂದಕ್ಕೆ ಓಡಿಸಿ ಒಂದು ಕಡೆ ನಿಲ್ಲಿಸಿದಳು. ನನ್ನದೇ ದನಿಯಲ್ಲಿ ದೊಡ್ಡಪ್ಪನ ಮಾತು ಕೇಳಿಸಿತು: ಆಕಿ ಅವನ ಮಗಳ್ರೀ. "ಇದು, ಸಿಸ್ಟರ್‌ಗೆ ಅವರು ಹೇಳಿದ್ದು, ಹಿಂದಿ ಮೇ ಕೈಸೇ ಲಿಖೂ? ನಂಗ್ ಗೊತ್ತಾಗ್ತದ, ಫಿರ್ ಭೀ ಆಪ್ ಬೋಲೋ. ಮೈ ಗಲತ್ ಲಿಖೂಂಗೀ" ಎಂದು ಫೋನನ್ನು ನನ್ನ ಹತ್ತಿರಕ್ಕೆ ಹಿಡಿದಳು.

"ಯೇ ಉನ್ಕೀ ಬೇಟೀ ಹೈ" ಎಂದೆ.

ನಾಲ್ಕು ಶಬ್ದ. ಒಂಬತ್ತನೇ ವಯಸ್ಸಿಗೆ ಆ ನಾಲ್ಕೂ ನನಗೆ ಬರುತ್ತಿದ್ದವು.